ಉದ್ಯೋಗವನ್ನು ಅರಸುವ ಮುನ್ನ

ವಿದ್ಯಾಭ್ಯಾಸ ಮುಗಿದ ಮೇಲೆಯೇ ಉದ್ಯೋಗದ ಯೋಚನೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮೊದಲು ಪರೀಕ್ಷೆ, ಅನಂತರ ಅಂಕಪಟ್ಟಿ, ಅದು ಕೈಗೆ ಬಂದ ಮೇಲೆ ಅರ್ಜಿ. ಇದೇ ಕ್ರಮವೆಂದು ಹಿರಿಯರೂ ಕಿರಿಯರೂ ನಂಬಿದ್ದಾರೆ. ಕೆಲಸ ದೊರೆಯದೆ ಹೋದಾಗ ವಶೀಲಿ ಇರಲಿಲ್ಲವೆಂದು ಸಮಾಧಾನ ಹೇಳಿಕೊಳ್ಳುವುದೂ ಉಂಟು. ವಶೀಲಿ ನಡೆಯುವ ಕಡೆ ನಡೆಯುತ್ತದೆ, ಅಲ್ಲಗಳೆಯಲಾಗದು. ಆದರೆ ಪರೀಕ್ಷೆಗೆ ಮಾಡಿಕೊಂಡ ಸಿದ್ಧತೆಯನ್ನೇ ಉದ್ಯೋಗದ ಸಿದ್ಧತೆಯೆಂದು ಭ್ರಮಿಸಿ ಸೋಲುವವರೇ ಹೆಚ್ಚೆಂದು ನನ್ನ ಅಭಿಪ್ರಾಯ.

ಇವೆರಡಕ್ಕೂ ಬಹಳ ಅಂತರವಿದೆ. ಏನು ತಿಳಿದಿದೆ ಎಂದು ಪರೀಕ್ಷಕರು ಕೇಳುತ್ತಾರೆ. ಏನು ಮಾಡಬಲ್ಲೆ ಎಂದು ಕೆಲಸ ಕೊಡುವವರು ಕೇಳುತ್ತಾರೆ. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಶಿಕ್ಷಣ ಪಡೆದ ತರುಣನೊಬ್ಬನು ಕಾರ್ಖಾನೆಗೆ ಹೋದನೆನ್ನಿರಿ. ಓಮನ ನಿಯಮವನ್ನು ಒಪ್ಪಿಸೆಂದಷ್ಟೇ ಹೇಳಿ ಅಲ್ಲಿಯ ಫೋರ್‌ಮನ್ ತೃಪ್ತನಾಗಲಾರ. ತಿರುಗದೆ ನಿಂತ ಮೋಟಾರೊಂದನ್ನು ತೋರಿಸಿ, ದೋಷವೆಲ್ಲಿದೆ ನೋಡು ಎನ್ನುತ್ತಾನೆ. ಹುಡುಗನು ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಿದನೆ, ತಂತಿಯಲ್ಲಿ ವಿದ್ಯುತ್ತು ಇಲ್ಲವೆಂದು ಪರೀಕ್ಷಿಸಿಕೊಂಡನೆ, ಫ್ಯೂಸಿನಿಂದ ತೊಡಗಿ ಒಂದೊಂದನ್ನೇ ನೋಡುತ್ತ ಹೋದನೆ, ಇಲ್ಲವೆ ಬಂದವನೇ ಮೋಟಾರನ್ನು ಬಿಚ್ಚತೊಡಗಿದನೆ? ಇಷ್ಟನ್ನು ಕಂಡರೆ ಆತನಿಗೆ ಸಾಕು. ಈ ಹದ ಪುಸ್ತಕದಿಂದ ಬರುವುದಲ್ಲ. ತರುಣರು ಭತ್ಯೆ ಪಡೆಯುತ್ತ ಕೆಲಸದ ಸ್ಥಳದಲ್ಲಿಯೇ ಕಲಿಯಲೆಂದು 1961ರ ಅಪ್ರೆಂಟಿಸ್ ಕಾಯಿದೆ ಏರ್ಪಾಡು ಮಾಡಿತು. ಅದು ಬೇರೆ ದಾರಿಯಿಲ್ಲದವರ ಆಶ್ರಯವೆಂದು ಕೆಲವರು ಹೀಗಳೆಯುತ್ತಾರೆ, ನಾನಂತೂ ಒಪ್ಪಲಾರೆ.

ಅರ್ಜಿಯಲ್ಲಿಯೂ ಇದೇ ಕೊರತೆ ಕಾಣುತ್ತದೆ. ತಾಯಿಯ ಕಿರಾಣಿ ಅಂಗಡಿಯ ಲೆಕ್ಕವನ್ನು ಎರಡು ವರ್ಷ ಬರೆದ ಹುಡುಗಿ ಆ ಸಂಗತಿಯನ್ನೇ ಬಿಟ್ಟು, ‘ನಾನು ಶ್ರಮಜೀವಿ, ಪ್ರಾಮಾಣಿಕಳು’ ಎಂದು ಬರೆಯುತ್ತಾಳೆ. ಆ ಎರಡು ಮಾತು ಎಲ್ಲರ ಅರ್ಜಿಯಲ್ಲಿಯೂ ಇರುತ್ತವೆ. ಅಂಗಡಿಯ ಲೆಕ್ಕ ಅವಳೊಬ್ಬಳದು.

ಒಂಬತ್ತನೆಯ ತರಗತಿಯವರು ಇಂದೇ ಮಾಡಬಹುದಾದ ಕೆಲಸವೂ ಒಂದುಂಟು. ಸಣ್ಣದೆಂದು ಅದನ್ನು ಯಾರೂ ಹೇಳಿಕೊಡುವುದಿಲ್ಲ. ಶಾಲೆಯ ದಾಖಲೆಯಲ್ಲಿ ನಿಮ್ಮ ಹೆಸರು, ತಂದೆತಾಯಿಗಳ ಹೆಸರು, ಜನ್ಮದಿನಾಂಕ ಹೇಗಿವೆಯೆಂದು ನೋಡಿಕೊಳ್ಳಿರಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಏರುವುದು ಅವೇ. ವಯಸ್ಸಿನ ಪುರಾವೆಯೆಂದು ಮುಂದೆ ಕಚೇರಿಗಳು ಕೇಳುವುದೂ ಆ ಅಂಕಪಟ್ಟಿಯನ್ನೇ. ಅಂಕಪಟ್ಟಿಯಲ್ಲಿ ಮಂಜುನಾಥ, ಆಧಾರ್ ಚೀಟಿಯಲ್ಲಿ ಮಂಜಪ್ಪ ಎಂದಿದ್ದರೆ, ಇಬ್ಬರೂ ಒಬ್ಬನೇ ಎಂದು ಸಾಧಿಸಲು ನೋಟರಿಯ ಬಾಗಿಲಿಗೂ ಕಚೇರಿಯ ಬಾಗಿಲಿಗೂ ಅಲೆಯಬೇಕಾದೀತು. ಜನ್ಮದಿನಾಂಕದ ವಿಷಯ ಇನ್ನೂ ಬಿಗಿ. ರಾಜ್ಯ ಸರ್ಕಾರಿ ನೌಕರರ ವಯಸ್ಸಿನ ನಿರ್ಣಯಕ್ಕೆಂದೇ ಕರ್ನಾಟಕದಲ್ಲಿ 1974ರ ಕಾಯಿದೆಯೊಂದಿದೆ. ಸೇವೆಯ ದಾಖಲೆಗೆ ಸೇರಿದ ದಿನಾಂಕವನ್ನು ಬೇಕೆಂದಾಗ ಬದಲಾಯಿಸಲು ಅದು ಬಿಡುವುದಿಲ್ಲ. ಅಂಕಪಟ್ಟಿ ಅಚ್ಚಾಗುವುದಕ್ಕೆ ಇನ್ನೂ ಒಂದು ವರ್ಷವಿದೆ. ತಪ್ಪು ಕಂಡರೆ ತಂದೆಯನ್ನೋ ತಾಯಿಯನ್ನೋ ಕರೆದುಕೊಂಡು ಈ ವಾರವೇ ಮುಖ್ಯೋಪಾಧ್ಯಾಯರನ್ನು ಕಾಣಿರಿ.