ಟ್ಯೂಬಿಂಗನ್ ನಗರದಲ್ಲಿ ನೆನೆದ ಕನ್ನಡದ ಋಣ

‘ದೇಶ ಸುತ್ತು, ಇಲ್ಲವೆ ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಬಡ ಪಂಡಿತನಾದ ನನಗೆ ಜೀವಮಾನವೆಲ್ಲ ಕೋಶವನ್ನು ಓದುವುದಷ್ಟೇ ಪ್ರಾಪ್ತವಾಗಿತ್ತು. ಐವತ್ತು ದಾಟಿದ ಮೇಲೆ ಆ ಕೋಶವೇ ನನ್ನನ್ನು ದೇಶ ಸುತ್ತಿಸಿತು. ಈ ಶಾಲೆಯಲ್ಲಿ ನನ್ನಿಂದ ಹಳಗನ್ನಡದ ಪಾಠ ಕೇಳಿದ ವಿದ್ಯಾರ್ಥಿಯೊಬ್ಬನು ಈಗ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಉದ್ಯೋಗದಲ್ಲಿದ್ದಾನೆ. “ಗುರುಗಳೇ, ಕಿಟ್ಟೆಲರು ಕಣ್ಮುಚ್ಚಿದ ಊರು ಇಲ್ಲಿಂದ ಬಲು ಸಮೀಪ, ತಾವು ಒಮ್ಮೆ ಬಂದು ನೋಡಲೇಬೇಕು” ಎಂದು ಆತನು ಹಟ ಹಿಡಿದನು. ಆತನ ಗುರುಭಕ್ತಿಯ ಫಲವಾಗಿ ನಾನು ಟ್ಯೂಬಿಂಗನ್ ನಗರವನ್ನು ಕಂಡೆನು. ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಪೂಜ್ಯರು ಅಪ್ಪಣೆ ಮಾಡಿದಾಗ, ಪ್ರವಾಸದ ಸೊಗಸನ್ನು ಬಣ್ಣಿಸುವುದಕ್ಕಿಂತ ಅಲ್ಲಿ ನನ್ನ ಮನಸ್ಸನ್ನು ಚುಚ್ಚಿದ ವಿಚಾರವನ್ನು ನಿವೇದಿಸುವುದೇ ಲೇಸೆಂದು ತೋರಿತು.

ಟ್ಯೂಬಿಂಗನ್ ನೆಕ್ಕರ್ ನದಿಯ ದಂಡೆಯ ಮೇಲಿನ ಪುಟ್ಟ ಪಟ್ಟಣ. ಅಲ್ಲಿಯ ವಿಶ್ವವಿದ್ಯಾಲಯವು 1477ರಲ್ಲಿ ಸ್ಥಾಪಿತವಾಯಿತು. ನಮ್ಮಲ್ಲಿ ಅದು ವಿಜಯನಗರದ ಅರಸರು ಆಳುತ್ತಿದ್ದ ಕಾಲ. ಖಗೋಳಶಾಸ್ತ್ರಜ್ಞ ಕೆಪ್ಲರನು ಓದಿದ್ದು ಇಲ್ಲಿಯೇ. ಸಂಸ್ಕೃತದ ಮಹಾಕೋಶವನ್ನು ಬೋಟ್ಲಿಂಕರೊಡನೆ ರಚಿಸಿದ ರೋಟ್ ಪಂಡಿತರು ಪಾಠ ಹೇಳಿದ್ದೂ ಇಲ್ಲಿಯೇ. ಇಷ್ಟು ಕೀರ್ತಿಯುಳ್ಳ ವಿದ್ಯಾಪೀಠಕ್ಕೆ ಗಗನಚುಂಬಿಯಾದ ಮಹಾದ್ವಾರವಿರಬೇಕೆಂದು ನಾನು ಎಣಿಸಿದ್ದೆ. ಹಾಗೇನೂ ಇರಲಿಲ್ಲ. ಕಲ್ಲು ಹಾಸಿದ ಇಕ್ಕಟ್ಟಾದ ಓಣಿಗಳಲ್ಲಿ, ಹಳೆಯ ಮನೆಗಳ ನಡುವೆ ವಿದ್ಯೆಯು ಹರಡಿಕೊಂಡಿದೆ. ಗುಡ್ಡದ ಮೇಲಿನ ಕೋಟೆಯ ಹಳೆಯ ಅಡುಗೆಮನೆಯನ್ನು ಪ್ರಯೋಗಶಾಲೆಯಾಗಿ ಮಾಡಿಕೊಂಡು, 1869ರಲ್ಲಿ ಮೀಷರ್ ಎಂಬ ತರುಣ ವಿಜ್ಞಾನಿಯು ಜೀವಕೋಶದ ಒಳಗಿನ ಮೂಲದ್ರವ್ಯವನ್ನು ಕಂಡುಹಿಡಿದನಂತೆ. ಇಂದು ಡಿ.ಎನ್.ಎ. ಎಂದು ಜಗತ್ತೆಲ್ಲ ಮಾತನಾಡುವುದು ಆ ವಸ್ತುವನ್ನೇ ಕುರಿತು. ಅಡುಗೆಮನೆಯಲ್ಲಿಯೂ ವಿದ್ಯೆ ಬೆಳಗಬಲ್ಲುದು, ಬೆಳಗಿಸುವವರು ಬೇಕು.

ಕನ್ನಡಕ್ಕೂ ಈ ಊರಿಗೂ ಇರುವ ನಂಟು ಹಳೆಯದು. ಇಲ್ಲಿ ದೇವತಾಶಾಸ್ತ್ರ ಓದಿದ ಹರ್ಮನ್ ಮೊಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ಮೊದಲಿಗರಾದರು. ಅನಂತರ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ನಮ್ಮ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಭೀಮಕವಿಯ ಬಸವಪುರಾಣವೂ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವೂ ಆ ಮಾಲೆಯಲ್ಲಿ ಬೆಳಕು ಕಂಡವು. ಮಾದಲಾಂಬಿಕೆಯ ತವರೆಂದು ನಾವು ಹೆಮ್ಮೆಪಡುವ ಇಂಗಳೇಶ್ವರದ ಮಣ್ಣಿನಲ್ಲಿ ಮೊಳೆತ ಕಥೆಯು ಅಚ್ಚಿನ ಅಂಗಿ ತೊಟ್ಟದ್ದು ಅವರ ಕೈಯಿಂದ. ಈ ಸೇವೆಯನ್ನು ಮನ್ನಿಸಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಆ ಮಾಲೆಗೆ ಹಣ ಒದಗಿಸಿದವರು ಮದ್ರಾಸು ಪ್ರಾಂತದಲ್ಲಿ ನ್ಯಾಯಾಧೀಶರಾಗಿದ್ದ ಕ್ಯಾಸಮೇಜರ್ ಎಂಬುವರು. ದಾನಿಗಳು ಈ ಹೆಸರನ್ನು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಇನ್ನು ಫರ್ಡಿನಾಂಡ್ ಕಿಟ್ಟೆಲರು. ಜರ್ಮನಿಯ ಉತ್ತರದ ಕಡಲತಡಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ 1832ರಲ್ಲಿ ಹುಟ್ಟಿ, 1853ರಲ್ಲಿ ಕನ್ನಡನಾಡಿಗೆ ಬಂದವರು. ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ಕೋಶವನ್ನು 1894ರಲ್ಲಿ ಲೋಕಕ್ಕಿತ್ತರು. ಮಧ್ಯದಲ್ಲಿ ತಾಯ್ನಾಡಿಗೆ ಮರಳಿದ್ದರೂ ಕೋಶದ ಕೆಲಸಕ್ಕಾಗಿ ಮತ್ತೆ ಇಲ್ಲಿಗೆ ಬಂದವರು ಅವರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೂ ಡಾಕ್ಟರೇಟ್ ಪದವಿಯನ್ನಿತ್ತು ಮನ್ನಿಸಿತು. 1903ರಲ್ಲಿ, ಅವರ ಕನ್ನಡ ವ್ಯಾಕರಣವು ಅಚ್ಚಾದ ವರ್ಷದಲ್ಲಿಯೇ, ಅದೇ ನಗರದಲ್ಲಿ ಅವರು ಕಾಲವಾದರು.

ನದಿಯ ಸೇತುವೆಯ ಮೇಲೆ ನಿಂತು ನಾನು ನೆನೆದದ್ದು ಕೋಶದ ಒಂದು ಸಣ್ಣ ಗುರುತನ್ನು. ಅನೇಕ ಶಬ್ದಗಳ ಮುಂದೆ ಕಿಟ್ಟೆಲರು ‘ದಕ್ಷಿಣ ಮಹಾರಾಷ್ಟ್ರ’ ಎಂಬುದರ ಸಂಕ್ಷೇಪವನ್ನು ಬರೆದಿದ್ದಾರೆ. ಅಂದಿನ ಆಡಳಿತದವರು ನಮ್ಮ ಸೀಮೆಯನ್ನು ಕರೆಯುತ್ತಿದ್ದ ಹೆಸರದು. ಎಂದರೆ, ನಮ್ಮ ಒಕ್ಕಲಿಗರೂ ತಾಯಂದಿರೂ ಆಡಿದ ಮಾತನ್ನು ಪಂಪ ರನ್ನರ ಮಾತಿನ ಪಂಕ್ತಿಯಲ್ಲಿಯೇ ಅವರು ಕುಳ್ಳಿರಿಸಿದರು. ನಾನಾದರೋ ಇಪ್ಪತ್ತೈದು ವರ್ಷ ಅದೇ ಮಾತನ್ನು ‘ಗ್ರಾಮ್ಯ’ವೆಂದು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕಿದವನು! ಹಗೇವು, ಮೇಟಿ, ಹಂತಿ, ಸೀತನಿ ಎಂದರೆ ಏನೆಂದು ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಕೇಳಿದೆ. ಒಕ್ಕಲುತನದ ಮನೆಯ ಮಕ್ಕಳೇ ಮುಖ ಮುಖ ನೋಡಿಕೊಂಡರು. ರಾಶಿಯ ಯಂತ್ರ ಬಂದ ಮೇಲೆ ಕಣವಿಲ್ಲ, ಕಣವಿಲ್ಲದಲ್ಲಿ ಮೇಟಿಯೆಲ್ಲಿ? ವಸ್ತುವು ಹೋಗುವುದನ್ನು ತಡೆಯಲಾರೆವು. ಮಾತನ್ನಾದರೂ ಉಳಿಸಬಹುದಿತ್ತು.

ಇದಕ್ಕಿಂತ ದೊಡ್ಡದಾದ ನನ್ನದೊಂದು ತಪ್ಪುಂಟು. ಹತ್ತಾರು ವರ್ಷಗಳ ಹಿಂದೆ ಸಮೀಪದ ಹಳ್ಳಿಯ ಒಬ್ಬ ವೃದ್ಧರು, “ಮನೆಯ ಅಟ್ಟದ ಮೇಲೆ ತಾಡೋಲೆಯ ಕಟ್ಟುಗಳಿವೆ, ಬಂದು ನೋಡಿರಿ ಪಂಡಿತರೇ” ಎಂದು ಕರೆದಿದ್ದರು. ಪರೀಕ್ಷೆ ಮುಗಿಯಲಿ ಎಂದೆ. ಬಳಿಕ ಮಳೆಗಾಲ ಕಳೆಯಲಿ ಎಂದೆ. ಮೂರನೆಯ ವರ್ಷ ಹೋದಾಗ ವೃದ್ಧರು ಲಿಂಗೈಕ್ಯರಾಗಿದ್ದರು. ಕಟ್ಟುಗಳನ್ನು ಗೆದ್ದಲು ತಿಂದು, ಉಳಿದದ್ದು ಒಂದು ಹಿಡಿ ಮಣ್ಣು ಮಾತ್ರ. ಅದರಲ್ಲಿ ಯಾವ ಶರಣರ ನುಡಿಯಿತ್ತೋ ಶಿವನೇ ಬಲ್ಲ. ಟ್ಯೂಬಿಂಗನ್ ಗ್ರಂಥಾಲಯವಾದರೋ, ಮೊಗ್ಲಿಂಗರ ಸಹಪಾಠಿ ಗುಂಡರ್ಟರು ಬಿಟ್ಟುಹೋದ ಮಲಯಾಳ, ಕನ್ನಡ ಮುಂತಾದ ಭಾಷೆಗಳ ಹಸ್ತಪ್ರತಿ ಮತ್ತು ಪುಸ್ತಕಗಳನ್ನು ಜೋಪಾನ ಮಾಡಿ, 2018ರಲ್ಲಿ ಅಂತರ್ಜಾಲದಲ್ಲಿ ಜಗತ್ತಿಗೇ ತೆರೆದಿಟ್ಟಿದೆ. ಅವನ್ನು ನಾನು ಇಂಗಳೇಶ್ವರದಲ್ಲಿ ಕುಳಿತು ಓದಬಲ್ಲೆ. ಪಕ್ಕದ ಹಳ್ಳಿಯ ಅಟ್ಟದ ಮೇಲಿದ್ದುದನ್ನು ಇನ್ನೆಂದಿಗೂ ಓದಲಾರೆ.

“ಅವರು ಬಂದದ್ದು ಮತಪ್ರಚಾರಕ್ಕಲ್ಲವೆ?” ಎಂದು ಕೆಲವರು ಕೇಳುವರು. ಅಹುದು, ಅದನ್ನು ಅವರೂ ಮುಚ್ಚಿಡಲಿಲ್ಲ. ನಮ್ಮ ಧರ್ಮವನ್ನು ಕುರಿತ ಅವರ ಅಭಿಪ್ರಾಯಗಳೆಲ್ಲವನ್ನೂ ನಾವು ಒಪ್ಪಬೇಕಾದುದಿಲ್ಲ. ಆದರೆ ಬಂದ ಉದ್ದೇಶ ಯಾವುದೇ ಇರಲಿ, ಮಾಡಿದ ಕಾಯಕವು ನಮ್ಮ ಕಣ್ಣೆದುರಿಗಿದೆ. ಪರದೇಶದವರೇ ಬರಬೇಕೆಂದೂ ಇಲ್ಲ. ನಮ್ಮ ವಿಜಯಪುರದಲ್ಲಿಯೇ ಫ. ಗು. ಹಳಕಟ್ಟಿಯವರು ವಕೀಲಿ ವೃತ್ತಿಯ ನಡುವೆ ಊರೂರು ಅಲೆದು ತಾಡೋಲೆಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಆ ಮಹಾನುಭಾವರ ಜಿಲ್ಲೆಯವರಾದ ನಾವು ಕೈಕಟ್ಟಿ ಕುಳಿತರೆ ಯಾವ ನೆಪವನ್ನು ಹೇಳೋಣ?

ಆದುದರಿಂದ ಮೂರು ಬಿನ್ನಹಗಳು. ಮೊದಲನೆಯದು ಶಿಕ್ಷಕ ಬಂಧುಗಳಿಗೆ: ಎಂಟು, ಒಂಬತ್ತನೆಯ ತರಗತಿಯ ಪ್ರತಿ ವಿದ್ಯಾರ್ಥಿಯೂ ಬೇಸಿಗೆಯ ರಜೆಯಲ್ಲಿ ತನ್ನ ಮನೆಯ ಅಜ್ಜ ಅಜ್ಜಿಯರಿಂದ ಐವತ್ತು ಶಬ್ದಗಳನ್ನು ಕೇಳಿ, ಅರ್ಥ, ಬಳಕೆ, ಹೇಳಿದವರ ಊರು ಇವುಗಳೊಡನೆ ಬರೆದು ತರಲಿ. ಅದನ್ನು ತಿದ್ದುವ ಹೊಣೆ ನನ್ನದು. ಕೆಂಪು ಶಾಯಿಯನ್ನು ಮಾತ್ರ ಬಳಸೆನು. ಎರಡನೆಯದು ಹಳೆಯ ವಿದ್ಯಾರ್ಥಿಗಳಿಗೆ: ನಿಮ್ಮ ಅಟ್ಟ, ದೇವರ ಜಗಲಿ, ಪೆಟ್ಟಿಗೆಗಳನ್ನು ಒಮ್ಮೆ ನೋಡಿರಿ. ಓಲೆಯಿರಲಿ, ಮೋಡಿಯ ಕಾಗದವಿರಲಿ, ನಮಗೆ ತಿಳಿಸಿರಿ. ಕೊಡಬೇಕೆಂದಿಲ್ಲ, ಪ್ರತಿ ತೆಗೆದು ಮರಳಿಸೋಣ.

ಮೂರನೆಯದು ದಾನಿಗಳಿಗೆ. ಕಮಾನಿನ ಮೇಲೆ ಹೆಸರು ಕೆತ್ತಿಸುವುದು ತಪ್ಪಲ್ಲ. ವಚನಗಳನ್ನೇ ಕಲ್ಲಿನಲ್ಲಿ ಕೊರೆಸಿ ಶಿಲಾಮಂಟಪವನ್ನು ನಿಲ್ಲಿಸಿದ ಊರು ನಮ್ಮದು. ಕಲ್ಲಿನ ಬೆಲೆಯನ್ನು ನಾವು ಅರಿಯೆವೆ? ಆದರೆ ಕಲ್ಲಿಗೆ ಬೆಲೆ ಬಂದದ್ದು ಅದರ ಮೇಲಿನ ನುಡಿಯಿಂದ. ಮುಂದಿನ ಕಮಾನಿಗೆಂದು ಎತ್ತಿಟ್ಟ ಹಣದಲ್ಲಿ ಗೆದ್ದಲು ಹತ್ತದ ಒಂದು ಕೋಣೆ, ನಾಲ್ಕು ಕಬ್ಬಿಣದ ಕಪಾಟು, ಹಳೆಯ ಲಿಪಿ ಬಲ್ಲ ಒಬ್ಬ ತರುಣನ ಸಂಬಳ, ಇಷ್ಟು ಸಾಧ್ಯವಾದರೆ ಸಾಕು. ಕ್ಯಾಸಮೇಜರರ ಹೆಸರಿನ ಕಮಾನು ಎಲ್ಲಿದೆಯೋ ನಾನು ಕೇಳಲಿಲ್ಲ. ಅವರ ಹಣದಿಂದ ಅಚ್ಚಾದ ಬಸವಪುರಾಣವನ್ನು ಮಾತ್ರ ಇಂದಿಗೂ ನೆನೆಯುತ್ತೇವೆ.

ಮರಳಿ ಬಂದ ವಾರದಲ್ಲಿಯೇ ಆ ವೃದ್ಧರ ಮನೆಗೆ ಹೋಗಿದ್ದೆ. ಅವರ ಸೊಸೆಯು ಅಡುಗೆಮನೆಯ ಗೂಡಿನಿಂದ ಒಂದೇ ಒಂದು ಓಲೆಯನ್ನು ತಂದು ನನ್ನ ಕೈಗಿತ್ತಳು. ದಾರಕ್ಕೆ ಕಟ್ಟಿ ಎಂದೋ ಬೇರೆ ಇಟ್ಟಿದ್ದರಂತೆ. ನಮ್ಮ ಕೋಣೆಯ ಮೊದಲ ಓಲೆ ಅದು. ಎರಡನೆಯದನ್ನು ಯಾರು ತರುವಿರಿ?