ಹಡಗು ಒಡೆಯಲು ಕಾನೂನಿದೆ, ಹಳೆಯ ಫೈಬರ್ ದೋಣಿಯ ಹೊಣೆ ಯಾರದ್ದು?

ಮುಂಬೈ: ಆಯಸ್ಸು ಮುಗಿದ ದೊಡ್ಡ ಹಡಗು ಗುಜರಾತಿನ ಅಲಂಗ್‌ಗೆ ಹೋಗುತ್ತದೆ. ಅದನ್ನು ಒಡೆಯುವ ಕ್ರಮವನ್ನು ಹೇಳಲು 2019ರ ಹಡಗು ಮರುಬಳಕೆ ಕಾಯ್ದೆಯಿದೆ. 2025ರ ಜೂನ್ 26ರಂದು ಹಾಂಗ್‌ಕಾಂಗ್ ಅಂತಾರಾಷ್ಟ್ರೀಯ ಒಪ್ಪಂದವೂ ಜಾರಿಗೆ ಬಂದಿದೆ. ಆದರೆ ಆ ಒಪ್ಪಂದ 500 ಟನ್‌ಗಿಂತ ಚಿಕ್ಕ ಹಡಗುಗಳಿಗೆ ಅನ್ವಯಿಸುವುದಿಲ್ಲ. ಬಾಂದ್ರಾದ ಚಿಂಬೈ ಕೋಳಿವಾಡದ ದೋಣಿಗಳಾಗಲಿ, ಜಲಕ್ರೀಡೆಯ ಬೋಟು, ಸರ್ಫ್ ಬೋರ್ಡುಗಳಾಗಲಿ ಅದರ ಲೆಕ್ಕಕ್ಕೇ ಸಿಗುವುದಿಲ್ಲ.

ಗುಜರಿಗೆ ಯಾವುದು ಬೇಕು, ಯಾವುದು ಬೇಡ?

ಬಾಂದ್ರಾಕ್ಕೂ ಧಾರಾವಿಗೂ ನಡುವೆ ಇರುವುದು ಮಿಠಿ ನದಿ ಮಾತ್ರ. ಪ್ಲಾಸ್ಟಿಕ್ ಮರುಬಳಕೆಗೆ ಧಾರಾವಿ ದೇಶಕ್ಕೇ ಹೆಸರುವಾಸಿ. ಪಾಲಿಥೀನ್‌ನಿಂದ ಅಚ್ಚು ಹಾಕಿದ ಕಯಾಕ್ ಒಡೆದರೆ ಅದನ್ನು ಪುಡಿ ಮಾಡಿ, ಕರಗಿಸಿ ಮತ್ತೆ ಬಳಸಬಹುದು. ಅಲ್ಯೂಮಿನಿಯಂ ಹುಟ್ಟಿಗೂ ಬೆಲೆಯಿದೆ.

ಫೈಬರ್ ದೋಣಿಯ ಕಥೆ ಬೇರೆ. ಗಾಜಿನ ನಾರು ಮತ್ತು ರಾಳ ಸೇರಿ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಕತ್ತರಿಸಿದರೆ ಗಾಜಿನ ದೂಳು ಶ್ವಾಸಕೋಶ ಸೇರುತ್ತದೆ, ಬಯಲಲ್ಲಿ ಸುಟ್ಟರೆ ವಿಷದ ಹೊಗೆ. ಪಿವಿಸಿ ಬೋಟು, ನಿಯೋಪ್ರೀನ್ ಈಜು ಉಡುಪುಗಳನ್ನು ಸುಡುವುದೂ ಅಪಾಯಕಾರಿ. ಬೆಲೆ ಸಿಗದ ವಸ್ತುವನ್ನು ಗುಜರಿಯವರು ಮುಟ್ಟುವುದಿಲ್ಲ. ಹಾಗಾಗಿ ಅದು ದಡದಲ್ಲೇ ಬಿಸಿಲಿಗೆ ಸವೆದು, ಚೂರುಚೂರಾಗಿ ಕಡಲು ಸೇರುತ್ತದೆ.

ನಿಯಮ ಇದೆ, ದಾರಿ ಇಲ್ಲ

ಕರಗದ ಇಂಥ ಪ್ಲಾಸ್ಟಿಕ್ಕನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯಂತೆ ವಿಲೇವಾರಿ ಮಾಡಬೇಕೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮ ಹೇಳುತ್ತದೆ. ಮಂಡಳಿ ತೋರಿಸುವ ಮುಖ್ಯ ದಾರಿ ಸಿಮೆಂಟ್ ಕುಲುಮೆ. ಅಲ್ಲಿ ರಾಳ ಇಂಧನವಾಗಿ ಉರಿಯುತ್ತದೆ, ಗಾಜಿನ ನಾರು ಸಿಮೆಂಟಿನ ಕಚ್ಚಾವಸ್ತುವಿನಲ್ಲಿ ಸೇರಿಹೋಗುತ್ತದೆ.

ಕುಲುಮೆಗಳಿಗೆ ಕೊರತೆಯಿಲ್ಲ. ಮಹಾರಾಷ್ಟ್ರದ ಚಂದ್ರಪುರದಲ್ಲಿವೆ, ನಮ್ಮ ಕಲಬುರಗಿಯ ವಾಡಿ, ಸೇಡಂಗಳಲ್ಲೂ ಇವೆ. ಆದರೆ ಒಂದು ಹಳೆಯ ದೋಣಿಯನ್ನು ಕತ್ತರಿಸಿ ಅಷ್ಟು ದೂರ ಸಾಗಿಸುವ ಖರ್ಚು ಯಾರು ಕೊಡಬೇಕು? ಉತ್ಪಾದಕರೇ ತ್ಯಾಜ್ಯದ ಹೊಣೆ ಹೊರಬೇಕೆಂಬ 2022ರ ಮಾರ್ಗಸೂಚಿ ಪ್ಲಾಸ್ಟಿಕ್ ಪ್ಯಾಕೇಜಿಂಗ್‌ಗೆ ಸೀಮಿತ. ದೋಣಿ ತಯಾರಕರಿಗೆ ಅದು ತಟ್ಟುವುದಿಲ್ಲ.

ಫ್ರಾನ್ಸ್ ಈ ಗಂಟನ್ನು 2019ರಲ್ಲಿ ಬಿಡಿಸಿತು. ಹೊಸ ವಿಹಾರ ದೋಣಿ ಮಾರುವಾಗಲೇ ಶುಲ್ಕ ಸಂಗ್ರಹಿಸಿ, ಆ ಹಣದಿಂದ ಹಳೆಯವನ್ನು ಉಚಿತವಾಗಿ ಒಡೆಯಲಾಗುತ್ತದೆ. ಕೇಂದ್ರದವರೆಗೆ ತರುವ ಖರ್ಚಷ್ಟೇ ಮಾಲೀಕರದ್ದು. ಜಪಾನಿನಲ್ಲಿ 2005ರಿಂದಲೇ ಫೈಬರ್ ದೋಣಿ ಮರುಬಳಕೆ ವ್ಯವಸ್ಥೆಯಿದೆ.

ಮರುಬಳಕೆ ಎಲ್ಲಕ್ಕೂ ಸಲ್ಲದು

2024ರ ಡಿಸೆಂಬರ್ 18ರಂದು ಮುಂಬೈ ಕರಾವಳಿಯಲ್ಲಿ ನೌಕಾಪಡೆಯ ಬೋಟು 'ನೀಲಕಮಲ್' ಪ್ರಯಾಣಿಕರ ದೋಣಿಗೆ ಡಿಕ್ಕಿ ಹೊಡೆದು 15 ಮಂದಿ ಸತ್ತರು. ಲೈಫ್ ಜಾಕೆಟ್ ಎಷ್ಟು ಮುಖ್ಯವೆಂದು ಆ ದಿನ ಎಲ್ಲರಿಗೂ ಮನವರಿಕೆಯಾಯಿತು. ಆದರೆ ಜಾಕೆಟ್ ಇದ್ದರೆ ಸಾಲದು, ಅದು ತೇಲಿಸಬೇಕು. ಒಳಗಿನ ಫೋಮ್ ವರ್ಷಗಳ ಬಳಕೆಯಿಂದ ಅಮುಕಿಹೋಗುತ್ತದೆ, ಬಿಸಿಲು-ಉಪ್ಪುನೀರಿಗೆ ಪಟ್ಟಿ, ಹೊಲಿಗೆ ಸಡಿಲವಾಗುತ್ತವೆ. ಇಂಥದ್ದು ಅಗ್ಗಕ್ಕೆ ಮತ್ತೊಬ್ಬರ ಮೈಗೇರಿದರೆ ಅದು ಮರುಬಳಕೆಯಲ್ಲ, ಮೋಸ. ಹಾಳಾದ ಜಾಕೆಟ್ಟಿನ ಪಟ್ಟಿ ಕತ್ತರಿಸಿಯೇ ಎಸೆಯಬೇಕು. ಗಾಳಿ ತುಂಬುವ ಜಾಕೆಟ್ಟಿನ ಗ್ಯಾಸ್ ಸಿಲಿಂಡರನ್ನು ಬೇರ್ಪಡಿಸಬೇಕು.

ಸುಸ್ಥಿತಿಯ ಕಯಾಕ್, ಸರ್ಫ್ ಬೋರ್ಡುಗಳು ಮಾತ್ರ ಕಲಿಯುವ ಮಕ್ಕಳ ಕೈಗೆ ಹೋಗಲಿ. ಬಿರುಕುಬಿಟ್ಟ ಬೋರ್ಡನ್ನು ರಿಪೇರಿ ಮಾಡಿಸಿದರೆ ಇನ್ನೂ ಕೆಲವು ವರ್ಷ ಬಾಳುತ್ತದೆ.

ಕರ್ನಾಟಕಕ್ಕೂ ಪಾಠ

ಮುಲ್ಕಿ, ಸಸಿಹಿತ್ಲುಗಳಲ್ಲಿ ಸರ್ಫಿಂಗ್, ಮುರ್ಡೇಶ್ವರದಲ್ಲಿ ಸ್ಕೂಬಾ ಬೆಳೆಯುತ್ತಿವೆ. ಇಂದಿನ ಹೊಸ ಸಲಕರಣೆಯೇ ನಾಳಿನ ತ್ಯಾಜ್ಯ. ಜಲಕ್ರೀಡೆಗೆ ಪರವಾನಗಿ ಕೊಡುವಾಗಲೇ ಹಳೆಯದನ್ನು ಎಲ್ಲಿಗೆ ಒಪ್ಪಿಸುತ್ತೀರಿ ಎಂದು ಕೇಳಿ, ಠೇವಣಿ ಇಡಿಸಿಕೊಂಡರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಮಳೆಗಾಲಕ್ಕೆ ಚಟುವಟಿಕೆ ನಿಲ್ಲುವ ಹೊತ್ತಿಗೆ ವರ್ಷಕ್ಕೊಮ್ಮೆ ಸಂಗ್ರಹಣೆ ನಡೆಸಿ, ಒಟ್ಟಿಗೆ ಕುಲುಮೆಗೆ ಕಳಿಸಿದರೆ ಸಾಗಣೆ ಖರ್ಚೂ ಇಳಿಯುತ್ತದೆ. ಇಲ್ಲದಿದ್ದರೆ ಈ ಖರ್ಚನ್ನು ಕೊನೆಗೆ ತೆರುವುದು ಕಡಲು ಮತ್ತು ಅದನ್ನೇ ನಂಬಿದ ಮೀನುಗಾರರು.