ನಿಜಾಮನನ್ನು ಬಿಡಿ, ಹಿಟ್ನಾಳ ಕ್ರಾಸಿಗೆ ಬನ್ನಿ

ಮೊನ್ನೆ ಸೋಮವಾರ ಆಫೀಸಿನ ಪ್ಯಾಂಟ್ರಿಯಲ್ಲಿ ಟೀ ಹಿಡಿದು ನಿಂತಿದ್ದೆ. ನಮ್ಮ ಟೀಮಿನ ಗೆಳೆಯನೊಬ್ಬ ವೀಕೆಂಡಿಗೆ ಹಂಪಿ ನೋಡಿಕೊಂಡು ಹಾಗೇ ಬಾದಾಮಿಗೂ ಹೋಗಿಬಂದಿದ್ದ. ಮೊಬೈಲಲ್ಲಿ ಫೋಟೋ ತೋರಿಸುತ್ತಾ, "ಮಗಾ, ನಿಮ್ಮೂರ ಮೇಲೇ ಹೋದ್ವಿ ಕಣೋ. ಹಿಟ್ನಾಳ ಅಂತ ಒಂದು ಟೋಲ್ ಬಂತು. ಅದು ಬಿಟ್ರೆ ಅಲ್ಲೇನೂ ಇಲ್ವಲ್ಲೋ?" ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಇನ್ನೊಬ್ಬ ಮಹಾನುಭಾವ, "ಪಾಪ, ಅದು ನಿಜಾಮನ ಏರಿಯಾ. ಆಗಿನಿಂದ್ಲೂ ಹಿಂದುಳಿದಿರೋದು" ಅಂತ ತೀರ್ಪು ಕೊಟ್ಟುಬಿಟ್ಟ.

ಮೊದಲನೆಯವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕಾರಿನಲ್ಲಿ ಎಂಬತ್ತರ ಸ್ಪೀಡಿನಲ್ಲಿ ಹೋಗುವವನಿಗೆ ಟೋಲ್ ಬಿಟ್ಟು ಬೇರೇನು ಕಾಣಬೇಕು? ಆದರೆ ಎರಡನೆಯವನ ಆ "ಪಾಪ" ಇದೆಯಲ್ಲ, ಅದು ಇವತ್ತಿನವರೆಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅವನೊಬ್ಬನೇ ಆಗಿದ್ದರೆ ಬಿಡಬಹುದಿತ್ತು. ಪೇಪರಿನವರು, ಮಂತ್ರಿಗಳು, ಕೊನೆಗೆ ನಮ್ಮೂರಿನ ಕಟ್ಟೆಯ ಮೇಲೆ ಕೂತವರೂ ಇದನ್ನೇ ಹೇಳುತ್ತಾರೆ. ಅದಕ್ಕೇ ಇವತ್ತು ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ :)

ಹೊಸಪೇಟೆ ಕಡೆಯಿಂದ ತುಂಗಭದ್ರೆ ದಾಟಿ ಬಂದರೆ ಹಿಟ್ನಾಳ ಕ್ರಾಸ್ ಸಿಗುತ್ತದೆ. ಒಂದು ದಾರಿ ಕುಷ್ಟಗಿ, ವಿಜಯಪುರದ ಮೇಲೆ ಸೊಲ್ಲಾಪುರಕ್ಕೆ. ಇನ್ನೊಂದು ಕೊಪ್ಪಳ, ಗದಗ, ಹುಬ್ಬಳ್ಳಿಯ ಮೇಲೆ ಅಂಕೋಲಾದ ಸಮುದ್ರದವರೆಗೆ. ಊರು ಚಿಕ್ಕದು, ಜಾಗ ಮಾತ್ರ ಆಯಕಟ್ಟಿನದು. ಇಲ್ಲಿಂದ ಹತ್ತಿರದ ಕೊಪ್ಪಳ ಇವತ್ತು ರಾಜ್ಯದ ಭೂಪಟದಲ್ಲಿ "ಮೂಲೆ" ಅನ್ನಿಸಿಕೊಂಡಿದೆಯಲ್ಲ, ಅದೇ ಊರಿನ ಗವಿಮಠ, ಪಾಲ್ಕಿಗುಂಡುಗಳ ಬಂಡೆಯ ಮೇಲೆ ಅಶೋಕ ಶಾಸನ ಬರೆಸಿದ. ಯಾರೂ ಓಡಾಡದ ಕಡೆ ಯಾರಾದರೂ ಬೋರ್ಡ್ ಹಾಕಿಸುತ್ತಾರಾ? ಒಂಬತ್ತನೇ ಶತಮಾನದ ಕವಿರಾಜಮಾರ್ಗ, ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಬೆಂಗಳೂರಿನಲ್ಲಿ ಕೂತು ನಮ್ಮ ಕನ್ನಡಕ್ಕೆ ನಗುವವರು ಇದನ್ನೊಮ್ಮೆ ನೆನಪಿಟ್ಟುಕೊಳ್ಳಲಿ.

ಹಾಗಾದರೆ ನಡುವಿನಲ್ಲಿದ್ದ ಊರು ಅಂಚಿಗೆ ಹೋದದ್ದು ಯಾವಾಗ? ಊರು ಎಲ್ಲಿಗೂ ಹೋಗಲಿಲ್ಲ, ಬೇರೆಯವರು ಗೆರೆ ಎಳೆದರು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ, ತುಂಗಭದ್ರೆ ಗಡಿಯಾಯಿತು. ಪೇಶ್ವೆಗಳು ಸೋತ ಮೇಲೆ 1818ರಲ್ಲಿ ಧಾರವಾಡ, ಗದಗದ ಕಡೆಯೂ ಇಂಗ್ಲಿಷರ ಪಾಲಾಗಿ ಮುಂದೆ ಮುಂಬಯಿ ಪ್ರಾಂತ್ಯ ಸೇರಿತು. ಅತ್ತ ಹೊಳೆಯಾಚೆ ಮದ್ರಾಸಿನವರು, ಇತ್ತ ಮುಂಬಯಿಯವರು, ನಡುವಿನ ಮೂಲೆಯಲ್ಲಿ ನಿಜಾಮನ ಕೊಪ್ಪಳ. ಮೂರು ಸರ್ಕಾರ, ಮೂರು ಕಾನೂನು. ಎಲ್ಲ ಕಡೆಯ ಜನ ಮಾತ್ರ ಅದೇ ಕನ್ನಡದವರು.

ಇಂಥ ಗಡಿ ಹೇಗೆ ಕೆಲಸ ಮಾಡುತ್ತಿತ್ತು ಅಂತ ಪುಸ್ತಕಕ್ಕಿಂತ ಮೊದಲು ನಾನು ತಿಳಿದದ್ದು ನಮ್ಮಜ್ಜನಿಂದ. ಅವನ ಅಪ್ಪನದು ಶೇಂಗಾ, ಹತ್ತಿಯ ಸಣ್ಣ ವ್ಯಾಪಾರ. ಅಜ್ಜ ಹೇಳುತ್ತಿದ್ದ: "ಹೊಳಿ ದಾಟಿದ್ರ ರೊಕ್ಕಾನೂ ಬ್ಯಾರೆ, ಸರಕಾರಾನೂ ಬ್ಯಾರೆ. ಇಕಡೆ ಹಾಲಿ, ಅಕಡೆ ಕಲ್ದಾರ್. ಏಳು ಹಾಲಿ ಕೊಟ್ರ ಆರು ಕಲ್ದಾರ್ ಬರ್ತಿದ್ವು ತಮ್ಮಾ." ಹಾಲಿ ಅಂದರೆ ನಿಜಾಮ ಸ್ವಂತವಾಗಿ ಟಂಕಿಸುತ್ತಿದ್ದ ಹಾಲಿ ಸಿಕ್ಕಾ ರೂಪಾಯಿ. ಕಲ್ದಾರ್ ಅಂದರೆ ಇಂಗ್ಲಿಷರದು. ಅಧಿಕೃತ ದರವೂ ಹೆಚ್ಚುಕಮ್ಮಿ ಅದೇ, ನೂರು ಕಲ್ದಾರಿಗೆ ನೂರಾ ಹದಿನಾರು ಚಿಲ್ಲರೆ ಹಾಲಿ. ನನ್ನಜ್ಜ ಇಸ್ಕೂಲಿನಲ್ಲಿ ಕಲಿತದ್ದು ಉರ್ದು, ಮನೆಯಲ್ಲಿ ಕನ್ನಡ. ಈ ಏಳು-ಆರರ ಲೆಕ್ಕವನ್ನು ಬಾಯಲ್ಲೇ ಹಾಕುತ್ತಿದ್ದ. ನಾನು ಕ್ಯಾಲ್ಕುಲೇಟರ್ ತೆಗೆಯುವ ಹೊತ್ತಿಗೆ ಉತ್ತರ ಹೇಳಿ ನಗುತ್ತಿದ್ದ.

ಗಡಿಯಲ್ಲಿ ಕರೋಡಗಿರಿ ನಾಕಾ. ಅದು ನಿಜಾಮನ ಸುಂಕದ ಇಲಾಖೆ. 1802ರ ಒಪ್ಪಂದದಲ್ಲೇ ಸರಕಿನ ಬೆಲೆಗೆ ನೂರಕ್ಕೆ ಐದರ ಸುಂಕ ಗೊತ್ತುಮಾಡಿದ್ದರು. ನಾಕಾ ಇದ್ದಲ್ಲಿ ದಲಾಲಿ, ಅಡತಿ, ರೊಕ್ಕ ಬದಲಿಸುವವರು, ಚಕ್ಕಡಿಯವರು, ಜೊತೆಗೆ ರಾತ್ರಿ ಸುಂಕ ತಪ್ಪಿಸುವವರು ಇರಲೇಬೇಕಲ್ಲ? ಎರಡು ದರ, ಎರಡು ನಾಣ್ಯ, ಎರಡು ಭಾಷೆಯ ಕಾಗದಪತ್ರಗಳ ನಡುವೆ ಬದುಕು ಮಾಡುವ ಬುದ್ಧಿ ಈ ಊರುಗಳಿಗಿತ್ತು. ಇಂಥ ಜನರನ್ನು "ಪಾಪ" ಅನ್ನುತ್ತೀರಾ?

ಗಡಿ ವ್ಯಾಪಾರಕ್ಕೆ ಮಾತ್ರ ಬಳಕೆಯಾಗಲಿಲ್ಲ. 1858ರಲ್ಲಿ ಮುಂಡರಗಿ ಭೀಮರಾಯ ಮುಂಬಯಿ ಪ್ರಾಂತ್ಯದ ಡಂಬಳದಲ್ಲಿ ಖಜಾನೆ ಲೂಟಿ ಮಾಡಿ, ಗಡಿ ದಾಟಿ ನಿಜಾಮನ ಸೀಮೆಯ ಕೊಪ್ಪಳ ಕೋಟೆ ಹಿಡಿದ. ಅಲ್ಲೇ ಹೋರಾಡಿ ಸತ್ತ. 1947-48ರಲ್ಲಿ ಇದೇ ಗೆರೆ ತಿರುವುಮುರುವಾಗಿ ಕೆಲಸಕ್ಕೆ ಬಂತು. ರಜಾಕಾರರ ಕಾಟಕ್ಕೆ ನಮ್ಮ ಕಡೆಯ ಜನ ಆಚೆ ಹೋಗಿ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರ ಹೂಡಿದರು. ಮುಂಡರಗಿ ಶಿಬಿರದ ನಾಯಕರು ಅಳವಂಡಿ ಶಿವಮೂರ್ತಿಸ್ವಾಮಿಗಳು. ನಿಮಗೆಲ್ಲ ಸ್ವಾತಂತ್ರ್ಯ ಬಂದು ವರ್ಷವಾದ ಮೇಲೆ, 1948ರ ಸೆಪ್ಟೆಂಬರ್ 17ಕ್ಕೆ ನಮಗೆ ಬಂತು.

ಈಗ ನಿಜಾಮನ ವಿಷಯ. ನಾನೇನೂ ಅವನ ವಕೀಲನಲ್ಲ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರು. ಇಲ್ಲಿಯ ಕಂದಾಯ ಹೈದರಾಬಾದಿನ ಮನೆತನಕ್ಕೆ ಹೋಗುತ್ತಿತ್ತು. ನೀವು ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಬಾಯಿ ಬಿಟ್ಟುಕೊಂಡು ಗಡಿಯಾರ ನೋಡುತ್ತೀರಲ್ಲ, ಆ ಮನೆತನದ ಸಿರಿಯಲ್ಲಿ ನಮ್ಮ ಎರೆಹೊಲದ ಜೋಳದ ಪಾಲೂ ಇದೆ. ಕನ್ನಡ ಶಾಲೆಗಳ ಗತಿ ಹೇಳುವುದೇ ಬೇಡ. ಇದೆಲ್ಲ ಒಪ್ಪಿದೆ.

ಆದರೆ 1948 ಆಗಿ ಏಳು ದಶಕ ದಾಟಿತಲ್ಲ ಸ್ವಾಮಿ? ಒಂದು ಲೆಕ್ಕ ನೋಡಿ. 2002ರ ಡಾ. ನಂಜುಂಡಪ್ಪ ಸಮಿತಿಯ ವರದಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಅಂದಿತು. ಅವುಗಳಲ್ಲಿ 39 "ಅತ್ಯಂತ ಹಿಂದುಳಿದವು". ಈ 39ರಲ್ಲಿ 21 ನಮ್ಮ ಕಲಬುರ್ಗಿ ವಿಭಾಗದವು. ಕುಷ್ಟಗಿ, ಯಲಬುರ್ಗಾ ಅದರಲ್ಲಿವೆ. ಅದೇ 39ರಲ್ಲಿ ಕನಕಪುರ ಇದೆ, ಮಾಗಡಿ ಇದೆ! ಬೆಂಗಳೂರಿನ ಮಗ್ಗುಲಿಗೆ ನಿಜಾಮ ಯಾವಾಗ ಬಂದಿದ್ದ? ಅಂದರೆ ಒಂದು ತಾಲ್ಲೂಕನ್ನು ಹಿಂದೆ ಬಿಡಲು ನಿಜಾಮನೇ ಬೇಕೆಂದಿಲ್ಲ. ವಿಧಾನಸೌಧದಿಂದಲೂ ಆ ಕೆಲಸ ಸಲೀಸಾಗಿ ಆಗುತ್ತದೆ.

ನನ್ನ ವಾದ ಇಷ್ಟೇ. 1956ರಲ್ಲಿ ಗೆರೆ ಅಳಿಸಿ ಎಲ್ಲರೂ ಒಂದೇ ರಾಜ್ಯವಾದರು. ಸಂತೋಷ. ಆದರೆ ಆ ಗೆರೆಯನ್ನೇ ನಂಬಿ ಬದುಕಿದ್ದ ಊರುಗಳಿಗೆ ಮುಂದೇನು ಕೆಲಸ ಅಂತ ಯಾರೂ ಕೇಳಲಿಲ್ಲ. ಆಮೇಲೆ ನಮ್ಮನ್ನು ಊರು ಅಂತ ನೋಡಿದ್ದೇ ಕಡಿಮೆ, ದಾರಿ ಅಂತ ನೋಡಿದ್ದೇ ಹೆಚ್ಚು. ತುಂಗಭದ್ರೆಗೆ ಅಣೆಕಟ್ಟು ಬಂತು. ಕೊಪ್ಪಳದ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು, ಎಡದಂಡೆ ಕಾಲುವೆ ಮುನಿರಾಬಾದಿನಿಂದ ಗಂಗಾವತಿ, ಸಿಂಧನೂರಿನ ಕಡೆ ಹರಿಯಿತು. ಗಂಗಾವತಿ, ಕಾರಟಗಿ ಭತ್ತದ ಕಣಜವಾದವು, ಒಳ್ಳೆಯದೇ. ಎತ್ತರದ ಕುಷ್ಟಗಿ, ಯಲಬುರ್ಗಾ ಇವತ್ತಿಗೂ ಏತ ನೀರಾವರಿಯ ಶಂಕುಸ್ಥಾಪನೆಯ ಕಲ್ಲು ಎಣಿಸುತ್ತಿವೆ.

ಗಿಣಿಗೇರಾದಿಂದ ಗಂಗಾವತಿಯ ಮೇಲೆ ಮೆಹಬೂಬ್‌ನಗರಕ್ಕೆ ರೈಲು ಮಾರ್ಗ ಮಂಜೂರಾದದ್ದು 1997ರಲ್ಲಿ. ಕೊಪ್ಪಳ ಜಿಲ್ಲೆಯಾದದ್ದೂ, ನಾನು ಹುಟ್ಟಿದ್ದೂ ಅದೇ ವರ್ಷ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಅಷ್ಟರಲ್ಲಿ ನಾನು ಅಂಬೆಗಾಲಿಟ್ಟು, ನಡೆದು, ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಬಸ್ಸು ಹತ್ತಿಯಾಗಿತ್ತು. ಇದಕ್ಕೂ ನಿಜಾಮನೇ ಕಾರಣವಾ?

ಇನ್ನು ಧೂಳು. ಬಳ್ಳಾರಿ ಕಡೆಯ ಅದಿರು, ತುಂಗಭದ್ರೆಯ ನೀರು, ರೈಲು, ಹೆದ್ದಾರಿ ಎಲ್ಲ ಕೈಗೆಟಕುವ ಜಾಗ ಅಂತ ಗಿಣಿಗೇರಾ, ಹಿಟ್ನಾಳದ ಸುತ್ತ ಕಾರ್ಖಾನೆಗಳು ಬಂದವು. ನಮ್ಮಮ್ಮ ಮಾಳಿಗೆಯ ಮೇಲೆ ಸಂಡಿಗೆ ಒಣಗಿಸುವುದು ಬಿಟ್ಟು ಎಷ್ಟೋ ವರ್ಷವಾಯಿತು, ಬಿಳಿ ಸಂಡಿಗೆ ಸಂಜೆಗೆ ಕರ್ರಗಾಗುತ್ತದೆ. 2025ರಲ್ಲಿ ಕೊಪ್ಪಳ ಪಟ್ಟಣದ ಮಗ್ಗುಲಲ್ಲೇ ಇನ್ನೊಂದು ಭಾರೀ ಉಕ್ಕಿನ ಕಾರ್ಖಾನೆ ಅಂದಾಗ ಜನ ತಡೆಯಲಿಲ್ಲ. ಫೆಬ್ರವರಿ 24ರಂದು ಊರಿಗೆ ಊರೇ ಬಂದ್ ಆಯಿತು, ಗವಿಮಠದ ಶ್ರೀಗಳೂ ಬೀದಿಗಿಳಿದರು. ಬೆಂಗಳೂರಿನ ಒಬ್ಬರು ನನ್ನನ್ನು ಕೇಳಿದರು: "ಹಿಂದುಳಿದವರು ಅಂತೀರಿ, ಫ್ಯಾಕ್ಟರಿ ಕೊಟ್ಟರೂ ಬೇಡ ಅಂತೀರಿ?" ನೋಡಿ, "ಪಾಪ" ಅನ್ನುವುದರ ಮುಂದಿನ ಮೆಟ್ಟಿಲು ಇದೇ. ಹಿಂದುಳಿದವನು ಕೊಟ್ಟಿದ್ದನ್ನು ಬಾಯಿ ಮುಚ್ಚಿಕೊಂಡು ತಿನ್ನಬೇಕು!

ನಮ್ಮವರಿಗೆ ದುಡಿಮೆ ಗೊತ್ತಿಲ್ಲ ಅನ್ನುವವರು ಕೊಪ್ಪಳದ ಭಾಗ್ಯನಗರಕ್ಕೆ ಹೋಗಿ ಬನ್ನಿ. ಹೆಂಗಸರು ತಲೆ ಬಾಚಿ ಎಸೆಯುವ ಕೂದಲನ್ನು ಊರೂರಿನಿಂದ ಕೂಡಿಸಿ ತಂದು, ಸಿಕ್ಕು ಬಿಡಿಸಿ, ತೊಳೆದು, ಉದ್ದದ ಪ್ರಕಾರ ಕಟ್ಟಿ ಹೊರದೇಶಕ್ಕೆ ಕಳಿಸುವ ವ್ಯಾಪಾರ ಅಲ್ಲಿದೆ. ಎಷ್ಟೋ ಮನೆಯ ಹೆಣ್ಣುಮಕ್ಕಳು ಇದರಿಂದ ಒಲೆ ಹಚ್ಚುತ್ತಾರೆ. ಯಾವ ಸರ್ಕಾರವೂ ಪ್ಲಾನ್ ಮಾಡಿ ಕೊಟ್ಟ ಉದ್ಯೋಗವಲ್ಲ ಅದು. ಕಸದಲ್ಲೂ ಮಾರುಕಟ್ಟೆ ಕಾಣುವ ಹಳೆಯ ಗಡಿಯ ಬುದ್ಧಿ. ಇಂಥದ್ದಕ್ಕೆ ಸಾಲ, ಜಾಗ, ಕೆಲಸದವರಿಗೆ ಮಾಸ್ಕು, ವಿಮೆ ಕೊಟ್ಟರೆ ಅದು ಅಭಿವೃದ್ಧಿ. 2013ರಿಂದ 371(ಜೆ) ಇದೆ, 2019ರಲ್ಲಿ ಹೆಸರೂ ಕಲ್ಯಾಣ ಕರ್ನಾಟಕ ಅಂತಾಯಿತು. ಮೀಸಲಾತಿಯಿಂದ ನನ್ನ ಜೊತೆಯವರಿಗೆ ಉಪಕಾರವಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಸೀಟು ಸಿಕ್ಕವನು ಓದಿ ಮತ್ತೆ ಹಿಟ್ನಾಳ ಕ್ರಾಸಿನಲ್ಲೇ ನಿಂತು ಬೆಂಗಳೂರಿನ ಬಸ್ಸಿಗೆ ಕೈ ಮಾಡುತ್ತಾನೆ. ನಾನೂ ಹಾಗೇ ಬಂದವನು. ಈ ಬೈಗುಳದಲ್ಲಿ ನನ್ನ ಪಾಲೂ ಇದೆ.

ನಮ್ಮೂರ ಹಿರಿಯರಿಗೂ ಒಂದು ಮಾತು. ಪ್ರತಿ ಸೆಪ್ಟೆಂಬರ್ 17ಕ್ಕೆ ಧ್ವಜ ಏರಿಸಿ ನಿಜಾಮನನ್ನು ಬೈದು ಮನೆಗೆ ಹೋದರೆ ಬೇರೆಯವರೆಲ್ಲ ಪಾರಾಗುತ್ತಾರೆ ಕಾಕಾ. ಸತ್ತವನನ್ನು ಬೈಯಲು ಧೈರ್ಯ ಬೇಕಿಲ್ಲ. ಈ ಸಲ ಅದೇ ವೇದಿಕೆಯಲ್ಲಿ 1956ರಿಂದ ಈಚಿನ ಲೆಕ್ಕ ಕೇಳಿ.

ಪ್ಯಾಂಟ್ರಿಯಲ್ಲಿ ಇಷ್ಟೆಲ್ಲ ಹೇಳಲಾಗಲಿಲ್ಲ, ಸ್ಟ್ಯಾಂಡಪ್ ಮೀಟಿಂಗ್ ಇತ್ತು. ಮುಂದಿನ ಸಲ ಆ ಕಡೆ ಹೋದಾಗ ಟೋಲ್ ಕಟ್ಟಿ, ಕ್ರಾಸಿನಲ್ಲಿ ಇಳಿದು, ಒಂದು ಪ್ಲೇಟ್ ಮಿರ್ಚಿ ತಿಂದು ಹೋಗಿ ಅಂತ ಇಬ್ಬರಿಗೂ ಹೇಳಿದ್ದೇನೆ. ಬೀದರ್, ಬೆಳಗಾವಿ, ಕಾಸರಗೋಡು ಕಡೆಯ ಗೆಳೆಯರೇ, ನಿಮ್ಮೂರ ಗಡಿಯ ಸಂತೆ, ನಾಕಾ, ನಾಣ್ಯದ ಕತೆಗಳನ್ನೂ ಬರೆಯಿರಿ. ನನ್ನ ವಾದ ತಪ್ಪು ಅನ್ನಿಸಿದವರು ಬೈಯಿರಿ, ಪರವಾಗಿಲ್ಲ. "ಪಾಪ" ಮಾತ್ರ ಅನ್ನಬೇಡಿ.